ಒಬ್ಬರೇ ತಿರುಗಿಸುವ ಸ್ಟೀರಿಂಗ್

ಘಾಟಬೋರಾಳದ ಮಚ್ಚೇಂದ್ರನಿಗೆ ಈಗ ಐವತ್ತೇಳು ವರ್ಷ. ಬೋರಿನೊಳಗೆ ಸುಟ್ಟುಹೋದ ಮೋಟರನ್ನು ಮೇಲಕ್ಕೆತ್ತುವುದು, ರಿಪೇರಿಯಾದ ಮೇಲೆ ಮತ್ತೆ ಇಳಿಸುವುದು ಅವನ ಕೆಲಸ. ಅದಕ್ಕೆಂದೇ ಒಂದು ಹಳೆಯ ಜೀಪು ಇಟ್ಟುಕೊಂಡಿದ್ದಾನೆ. ಹಿಂದೆ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು, ಸರಪಳಿ, ಪೈಪು ಹಿಡಿಯುವ ಕ್ಲಾಂಪುಗಳು. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಸಿಗುವ ಗಾಡಿಯಾದ್ದರಿಂದ ಎರೆಹೊಲದ ಕೆಸರಲ್ಲೂ ಕಲ್ಲಿನ ದಿಬ್ಬದ ಮೇಲೂ ಹೋಗುತ್ತದೆ.

ಇಪ್ಪತ್ತೊಂದು ವರ್ಷ ಅದರ ಎಡಗಡೆಯ ಸೀಟಿನಲ್ಲಿ ಮಾರುತಿ ಕೂತಿದ್ದ. ಅದೇ ಊರಿನವನು, ಮಚ್ಚೇಂದ್ರನಿಗಿಂತ ಐದು ವರ್ಷ ಚಿಕ್ಕವನು. ಆ ಜೀಪಿನ ಸ್ಟೀರಿಂಗ್ ಮೊದಲಿನಿಂದಲೂ ಬಲು ಬಿಗಿ. ಕೆಸರಿನಲ್ಲಿ ಗಾಡಿ ತಿರುಗಿಸಬೇಕಾದಾಗ ಮಾರುತಿ ಏನೂ ಹೇಳದೆ ಬಲಗೈ ಚಾಚಿ ಸ್ಟೀರಿಂಗಿನ ಕೆಳಭಾಗ ಹಿಡಿದು ಎಳೆಯುತ್ತಿದ್ದ. ಎಡಕ್ಕೋ ಬಲಕ್ಕೋ ಎಂದು ಕೇಳುತ್ತಿರಲಿಲ್ಲ. ಮಚ್ಚೇಂದ್ರನ ಹೆಗಲು ಎತ್ತ ವಾಲಿತು ಎಂದು ನೋಡಿದರೆ ಸಾಕಾಗುತ್ತಿತ್ತು. ಮಚ್ಚೇಂದ್ರನ ಹೆಂಡತಿ ಗಯಾಬಾಯಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ದಿನದ ಮಾತೆಲ್ಲ ಆ ಎರಡು ಸೀಟುಗಳ ನಡುವೆಯೇ ಮುಗಿದುಹೋಗುತ್ತಿತ್ತು.

ಹೋದ ಬೇಸಿಗೆಯಲ್ಲಿ ಮಾರುತಿಯ ಮೊಣಕಾಲು ಸವೆದಿದೆ, ಭಾರ ಎತ್ತಕೂಡದು ಎಂದು ಡಾಕ್ಟರು ಹೇಳಿದರು. ಅವನು ಹೆಂಡತಿ ಕೇಶರಬಾಯಿಯನ್ನು ಕರೆದುಕೊಂಡು ಹುಮನಾಬಾದಿಗೆ ಹೋಗಿ ಔಷಧಿ ಕಾರ್ಖಾನೆಯೊಂದರ ಗೇಟಿನಲ್ಲಿ ಕಾವಲುಗಾರನಾದ. ಹೋಗುವ ದಿನ ಅವರ ಪಾತ್ರೆ, ಹಾಸಿಗೆಗಳನ್ನು ಜೀಪಿನಲ್ಲಿ ಹಾಕಿಕೊಂಡು ಬಿಟ್ಟುಬಂದವನು ಮಚ್ಚೇಂದ್ರನೇ.

ಮಳೆಗಾಲದಲ್ಲಿ ಒಂದು ದಿನ ಊರಾಚೆಯ ಹೊಲದ ದಾರಿಯಲ್ಲಿ ಮುಂದಿನ ಗಾಲಿ ಹುಲ್ಲಿನ ಮರೆಯಲ್ಲಿದ್ದ ಕಲ್ಲಿಗೆ ಬಡಿಯಿತು. ಸ್ಟೀರಿಂಗ್ ರಪ್ಪನೆ ತಿರುಗಿ ಅದರ ಕಡ್ಡಿ ಅವನ ಹೆಬ್ಬೆರಳಿಗೆ ಹೊಡೆಯಿತು. ಮಣಿಕಟ್ಟು ಉಳುಕಿತು, ಜೀಪು ಒಡ್ಡಿನ ಪಕ್ಕದ ತಗ್ಗಿಗೆ ಇಳಿದು ನಿಂತಿತು. ಒಂದೇ ಕೈಯಲ್ಲಿ ಎಷ್ಟು ಎಳೆದರೂ ಗಾಲಿ ತಿರುಗಲಿಲ್ಲ. ಸುತ್ತ ಯಾರೂ ಇರಲಿಲ್ಲ. ಮಳೆ ನಿಂತು, ಹತ್ತಿಯ ಹೊಲಕ್ಕೆ ಕಳೆ ತೆಗೆಯಲು ಹೆಣ್ಣುಮಕ್ಕಳು ಬರುವವರೆಗೆ ಅವನು ಸೀಟಿನಲ್ಲಿ ಸುಮ್ಮನೆ ಕೂತಿದ್ದ. ಅವರೇ ಐದಾರು ಮಂದಿ ಸೇರಿ ನೂಕಿ ಹೊರಗೆ ತಂದರು.

ಕೈ ವಾಸಿಯಾದ ಮೇಲೆ ಬಸವಕಲ್ಯಾಣಕ್ಕೆ ಹೋದ. ಹಳೆ ಲಾರಿಗಳ ಸಾಮಾನು ಮಾರುವ ಸಾಲಿನಲ್ಲಿ ಮೊದಲ ಅಂಗಡಿಯವನು ಸ್ಟೀರಿಂಗಿಗೆ ಹಾಕುವ ಹೊಳೆಯುವ ನೀಲಿ ಡ್ಯಾಂಪರ್ ಒಂದನ್ನು ಕೈಗಿತ್ತ. ನೋಡಲು ಗಾಲಿಯ ಶಾಕಪ್‌ನಂತೆಯೇ ಇತ್ತು. ಇದನ್ನು ಹಾಕಿದರೆ ಗುದ್ದೇ ತಾಗುವುದಿಲ್ಲ ಎಂದ. ಮಚ್ಚೇಂದ್ರ ಅದನ್ನು ಹಿಡಿದುಕೊಂಡು ಪರಿಚಯದ ಗಾಡಿ ಮಿಸ್ತ್ರಿ ಬಂದೇನವಾಜ್‌ನ ಶೆಡ್ಡಿಗೆ ಬಂದ.

ಬಂದೇನವಾಜ್ ಜೀಪಿನಡಿ ಮಲಗಿ, "ಕಾಕಾ, ಜರಾ ಸ್ಟೇರಿಂಗ್ ಅಲುಗಾಡಸ್ರಿ," ಎಂದ. ಮಚ್ಚೇಂದ್ರ ಅಲುಗಾಡಿಸಿದ. ಕೆಳಗಿನಿಂದಲೇ ದನಿ ಬಂತು. "ನೀವು ನಾಕು ಬೆರಳು ತಿರುಗಿಸಿದ್ರೂ ಗಾಲಿಗಿ ಖಬರೇ ಇಲ್ಲ. ಸ್ಟೇರಿಂಗ್ ಬಾಕ್ಸ್ ಸವೆದದ, ಗಾಲಿ ತಿರುಗಿಸೋ ರಾಡಿನ ತುದಿ ಸಡಿಲ ಆಗ್ಯಾವ. ಇದರ ಮ್ಯಾಲ ಆ ನೀಲಿದು ಹಾಕಿದ್ರ ರೋಗ ಮುಚ್ಚಿಟ್ಟಂಗ ಆಗ್ತದ, ಹೋಗಂಗಿಲ್ಲ. ವಾಪಸ್ ಕೊಟ್ಟು ಬರ್ರಿ."

"ಮತ್ತ ಏನ್ ಮಾಡ್ಲಿ, ಮಿಸ್ತ್ರಿ?"

ಬಂದೇನವಾಜ್ ಹೊರಗೆ ಬಂದು ಕೈ ಒರೆಸಿಕೊಂಡ. "ಎರಡು ದಾರಿ ಅವ. ಒಂದು, ಹಳೇ ಬಾಕ್ಸೇ ಬಿಚ್ಚಿ ಒಳಗಿನ ಸಾಮಾನು ಹೊಸಾದು ಹಾಕೋದು, ದಪ್ಪ ರಾಡ್ ಕೂಡಸೋದು. ಗಾಡಿ ಸೀದಾ ಹೋಗ್ತದ, ಆದ್ರ ಬಿಗಿ ಹಂಗೇ ಇರ್ತದ. ಇನ್ನೊಂದು, ಪಿಕಪ್ ಗಾಡಿದು ಪವರ್ ಸ್ಟೇರಿಂಗ್ ಬಾಕ್ಸ್ ಇಟ್ಟು, ಎಂಜಿನ್ನಿಗಿ ಪಂಪ್ ಕಟ್ಟೋದು. ಗಾಡಿ ಕೆಳಗಿನ ಚಾಸಿಗಿ ದಪ್ಪ ಪಟ್ಟಿ ವೆಲ್ಡ್ ಮಾಡಬೇಕಾಗ್ತದ, ಇಲ್ಲಂದ್ರ ಬಿರುಕು ಬಿಡ್ತದ. ಕೆಲಸ ಜಾಸ್ತಿ. ಆದ್ರ ಹಗುರ ಆಗ್ತದ." ಆಮೇಲೆ ಜೀಪಿನೊಳಗೆ ನೋಡುತ್ತ ಕೇಳಿದ. "ಮುಂದ ಎಷ್ಟು ಮಂದಿ ಕೂಡ್ತೀರಿ?"

"ಯಾಕ?"

"ಮಾರುತಿ ಕಾಕಾ ಕೈ ಹಾಕ್ತಿದ್ರಲ್ಲ. ಅವರು ಇದ್ರ ಮೊದಲನೇದೇ ಸಾಕು."

ನಾಳೆ ಹೇಳುತ್ತೇನೆ ಎಂದು ಮಚ್ಚೇಂದ್ರ ಎದ್ದ. ಡ್ಯಾಂಪರನ್ನು ವಾಪಸು ಕೊಟ್ಟು, ಊರಿಗೆ ಹೋಗದೆ ಸೀದಾ ಹುಮನಾಬಾದಿನ ದಾರಿ ಹಿಡಿದ.

ಕಾರ್ಖಾನೆಗಳ ಹಿಂದಿನ ಓಣಿಯಲ್ಲಿ ಮಾರುತಿಯದು ಒಂದೇ ಕೋಣೆಯ ಮನೆ. ಗಾಳಿಯಲ್ಲಿ ಕಟುವಾದ ವಾಸನೆಯಿತ್ತು. ಎರಡು ಸಲ ಕೆಮ್ಮಿದ ಮಚ್ಚೇಂದ್ರನನ್ನು ನೋಡಿ ಕೇಶರಬಾಯಿ, "ನಮಗೀಗ ರೂಢಿ ಆಗ್ಯಾದ್ರಿ ಅಣ್ಣಾರ," ಎಂದು ಚಹಕ್ಕಿಟ್ಟಳು. ಮಾರುತಿ ಸಂಜೆಯ ಪಾಳಿಗೆ ಅಣಿಯಾಗುತ್ತಿದ್ದ. ನೀಲಿ ಅಂಗಿಯ ಮೇಲೆ ಅವನ ಹೆಸರಿನ ಪಟ್ಟಿ ಇತ್ತು. ಇಪ್ಪತ್ತೊಂದು ವರ್ಷದಲ್ಲಿ ಅವನನ್ನು ಇಷ್ಟು ಸ್ವಚ್ಛ ಬಟ್ಟೆಯಲ್ಲಿ ಮಚ್ಚೇಂದ್ರ ನೋಡಿರಲಿಲ್ಲ.

ಮಿಸ್ತ್ರಿ ಹೇಳಿದ್ದನ್ನೆಲ್ಲ ಹೇಳಿದ. ಕೊನೆಗೆ, "ಹಳೇದೇ ರಿಪೇರಿ ಮಾಡಸಿದ್ರೂ ನಡೀತದಂತ. ನಿನ್ನ ಮೊಣಕಾಲು ಈಗ ಹ್ಯಾಂಗದ?" ಎಂದ.

ಮಾರುತಿಗೆ ಪ್ರಶ್ನೆ ಅರ್ಥವಾಯಿತು. ಗುಂಡಿ ಹಾಕುತ್ತಿದ್ದ ಕೈ ನಿಂತಿತು. ಹೆಂಡತಿಯ ಕಡೆ ನೋಡಲಿಲ್ಲ, ಇವನ ಕಡೆಯೂ ನೋಡಲಿಲ್ಲ.

"ಪವರ್ ಸ್ಟೇರಿಂಗೇ ಹಾಕಸು, ಅಣ್ಣಾ," ಎಂದ. "ಒಬ್ಬನ ಕೈಲೇ ಆಗೋದು ನೋಡು. ಪಂಪಿನ ಬೆಲ್ಟ್ ಒಂದು ಹೆಚ್ಚಿಗಿ ಇಟ್ಕೋ. ಎಣ್ಣಿ ಪೈಪು ಒಡೀತಂದ್ರ ಮೊದಲಿಗಿಂತ ಬಿಗಿ ಆಗ್ತದ, ಆವಾಗ ಯಾರ..." ಮತ್ತೆ ಗುಂಡಿ ಹಾಕತೊಡಗಿದ.

"ಆತು," ಎಂದ ಮಚ್ಚೇಂದ್ರ.

ಚಹ ಕುಡಿದರು. ಮಚ್ಚೇಂದ್ರ ಮಾರುತಿಯನ್ನು ಜೀಪಿನಲ್ಲಿ ಕಾರ್ಖಾನೆಯ ಗೇಟಿನವರೆಗೆ ಬಿಟ್ಟ. ಅಷ್ಟು ದೂರ ಇಬ್ಬರೂ ತಮ್ಮ ತಮ್ಮ ಸೀಟಿನಲ್ಲಿ ಕೂತಿದ್ದರು. ಇಳಿಯುವಾಗ ಮಾರುತಿ ಬಾಗಿಲು ಎರಡು ಸಲ ಎಳೆದು ಹಾಕಿದ. ಮೊದಲ ಸಲಕ್ಕೆ ಅದು ಎಂದೂ ಕೂಡುತ್ತಿರಲಿಲ್ಲ.

ಕೆಲಸ ನಾಲ್ಕು ದಿನ ಹಿಡಿಯಿತು. ಮಚ್ಚೇಂದ್ರ ದಿನಾಲೂ ಶೆಡ್ಡಿಗೆ ಹೋಗಿ ಖಾಲಿ ಡಬ್ಬದ ಮೇಲೆ ಕೂತು ನೋಡುತ್ತಿದ್ದ. ಮನೆಯಲ್ಲಿದ್ದು ಮಾಡುವುದೇನೂ ಇರಲಿಲ್ಲ. ಬಂದೇನವಾಜ್ ಪಟ್ಟಿಯನ್ನು ಎರಡೂ ಕಡೆಯಿಂದ ವೆಲ್ಡ್ ಮಾಡಿ, ಸುತ್ತಿಗೆಯಿಂದ ಬಡಿದು ಪರೀಕ್ಷಿಸಿದ. ರಾಡುಗಳನ್ನೂ ಹೊಸದಾಗಿ ಹಾಕಿದ. ಐದನೆಯ ದಿನ ಕೀಲಿ ಕೊಟ್ಟು, "ಬೆರಳಿಲೇ ತಿರುಗ್ತದ್ರಿ ಈಗ. ಹಳೇ ರೂಢಿಲೆ ಎಳೀಬ್ಯಾಡ್ರಿ," ಎಂದು ಎಚ್ಚರಿಸಿದ.

ಎಳೆಯದೆ ಇರಲು ಆಗಲಿಲ್ಲ. ಶೆಡ್ಡಿನ ಎದುರಿನ ತಿರುವಿನಲ್ಲೇ ಪೂರ್ತಿ ಬಲ ಹಾಕಿಬಿಟ್ಟ. ಜೀಪು ಗಿರ್ರನೆ ತಿರುಗಿ ರಸ್ತೆಬದಿಯ ಟಯರ್ ರಾಶಿಗೆ ತಾಗಿತು. ನಿಂತಿದ್ದವರು ನಕ್ಕರು. ಅವನೂ ನಕ್ಕು, ನಗು ಮುಗಿಯುವ ಮೊದಲೇ ಪಕ್ಕಕ್ಕೆ ತಿರುಗಿದ, ಹೇಳಲಿಕ್ಕೆಂದು. ಸೀಟಿನ ಮೇಲೆ ಹಳೆಯ ರಾಡುಗಳ ಗಂಟು ಇತ್ತು.

ಮೊದಲ ಕೆಲಸ ನಾರಾಯಣಪುರದ ಕಾಶಿರಾಮನ ಹೊಲದಲ್ಲಿ ಸಿಕ್ಕಿತು. ಹಿಂದಿನ ರಾತ್ರಿ ಮಳೆಯಾಗಿತ್ತು. ಬೋರಿನವರೆಗೂ ಕೆಸರು, ನಡುವೆ ಒಡೆದ ಒಡ್ಡು. ಮಚ್ಚೇಂದ್ರ ಇಳಿದು ಕಲ್ಲುಗಳನ್ನು ನೋಡಿಕೊಂಡು ಬಂದ. ಮತ್ತೆ ಹತ್ತಿ, ಹೆಬ್ಬೆರಳನ್ನು ಸ್ಟೀರಿಂಗಿನ ಹೊರಗಿಟ್ಟು ನಿಧಾನಕ್ಕೆ ಗಾಡಿ ಬಿಟ್ಟ. ಗಾಲಿ ಕಲ್ಲಿಗೆ ತಾಗಿದಾಗ ಕೈಗೆ ಸಣ್ಣ ನಡುಕ ಬಂತು, ಅಷ್ಟೇ. ತಿರುವಿನಲ್ಲಿ ಒಬ್ಬನೇ ತಿರುಗಿಸಿ ಬೋರಿನ ಬಾಯಿಗೆ ಸರಿಯಾಗಿ ಜೀಪಿನ ಹಿಂಭಾಗ ಬರುವಂತೆ ನಿಲ್ಲಿಸಿದ. ಕೆಲಸ ಇಷ್ಟು ಸಲೀಸಾಗಿ ಆದದ್ದು ಅವನಿಗೆ ಸಂತೋಷ ಕೊಡಬೇಕಿತ್ತು.

ಕ್ಲಾಂಪ್ ಹಿಡಿಯಲು ಕಾಶಿರಾಮನೇ ಬಂದ. ಮೊದಲೆರಡು ಪೈಪಿಗೆ ತಪ್ಪಿದ, ಮೂರನೆಯದರಿಂದ ಬರೋಬರ್ ಹಿಡಿದ. ಮಧ್ಯಾಹ್ನದ ಹೊತ್ತಿಗೆ ರಿಪೇರಿಯಾಗಿದ್ದ ಮೋಟರನ್ನು ಇಳಿಸಿದರು. ಗುಂಡಿ ಒತ್ತಿದಾಗ ಪೈಪು ಮೊದಲು ಕೆಂಪು ನೀರು ಉಗುಳಿತು, ಆಮೇಲೆ ನೀರು ತಿಳಿಯಾಯಿತು.

"ರೊಟ್ಟಿ ಉಂಡು ಹೋಗ್ರಿ," ಎಂದ ಕಾಶಿರಾಮ. "ಮನ್ಯಾಗ ಯಾರಾದ್ರೂ ಹಾದಿ ನೋಡಾಕತ್ತಾರೇನ್ರಿ?"

"ಇಲ್ರಿ," ಎಂದ ಮಚ್ಚೇಂದ್ರ. "ಯಾರೂ ಇಲ್ಲ."

ಬೇವಿನ ನೆರಳಲ್ಲಿ ಕೂತು ಇಬ್ಬರೂ ಉಂಡರು. ಕಾಶಿರಾಮ ತನ್ನ ಎಮ್ಮೆಯ ಕಾಯಿಲೆಯ ಕಥೆಯನ್ನು ಉದ್ದಕ್ಕೆ ಹೇಳಿದ. ಮಚ್ಚೇಂದ್ರ ನಡುನಡುವೆ "ಹೌದೇನ್ರಿ" ಎನ್ನುತ್ತ, ಕಥೆ ಮುಗಿಯುವವರೆಗೂ ಕೇಳಿಸಿಕೊಂಡ.