ಬೆನ್ನಾಸರನ ಬಾಯಿಗೆ ಒಪ್ಪುವ ಬ್ಯಾಟರಿ

ಬೆನ್ನಾಸರನಷ್ಟು ದಣಿದ ಮನುಷ್ಯ ತಾಫಿಲಾಲ್ತ್ ಸೀಮೆಯಲ್ಲಿ ಇನ್ನೊಬ್ಬನಿರಲಿಲ್ಲ. ಅವನು ಆಕಳಿಸಿದರೆ ಮೂರು ಮನೆ ಆಚೆಯ ಕತ್ತೆಗೆ ಮಂಪರು ಹತ್ತುತ್ತಿತ್ತು. ಏಳಬೇಕಾದರೆ ಇನ್ನೊಮ್ಮೆ ಸರಿಯಾಗಿ ಕೂತು ಆಮೇಲೆ ಏಳುತ್ತಿದ್ದ. ನೆಲದೊಳಗೆ ಬಗ್ಗಿ ಬಗ್ಗಿ ಅವನ ಬೆನ್ನು ಅಲ್ಲಿನ ಅಚ್ಚಿಗೇ ಬಂದುಬಿಟ್ಟಿತ್ತು. ಬೀದಿಯಲ್ಲಿ ನಡೆದು ಬರುತ್ತಿದ್ದರೆ ಏನೋ ಕಳೆದುಕೊಂಡು ಹುಡುಕುತ್ತಿರುವಂತೆ ಕಾಣುತ್ತಿದ್ದ. ಊರಿಗೆ ಹೊಸಬರು ಅವನ ಜೊತೆ ಸೇರಿ ಅರ್ಧ ಬೀದಿ ಹುಡುಕಿದ್ದೂ ಉಂಟು. ಅವನೂ ಬೇಡ ಅನ್ನುತ್ತಿರಲಿಲ್ಲ, ಏನಾದರೂ ಸಿಕ್ಕರೆ ಸಿಗಲಿ ಅಂತ.

ನಮ್ಮೂರಿಗೆ ಹೊಳೆಯಿಲ್ಲ. ಮೋಡ ಬಂದರೂ ದಾರಿ ತಪ್ಪಿ ಬಂದೆ ಎಂಬಂತೆ ಮುಖ ಮಾಡಿಕೊಂಡು ಹೋಗಿಬಿಡುತ್ತದೆ. ಇರುವುದೆಲ್ಲ ಒಂದು ಖೆತ್ತಾರ: ಗುಡ್ಡದ ಬುಡದಿಂದ ನೆಲದಡಿಯಲ್ಲೇ ಬಂದು ನಮ್ಮ ಖರ್ಜೂರದ ತೋಟಗಳಿಗೆ ನೀರು ಬಿಡುವ ಹಳೇ ಸುರಂಗ. ಅದರ ಉದ್ದಕ್ಕೂ ಮೇಲೆ ಸಾಲಾಗಿ ಬಾವಿಗಳು. ಮನುಷ್ಯ ಒಳಗೆ ಇಳಿಯುವುದೂ ಹೂಳು ಮೇಲೆ ಬರುವುದೂ ಅವುಗಳಿಂದಲೇ. ವರ್ಷಕ್ಕೊಮ್ಮೆ, ಖರ್ಜೂರ ಹೂಬಿಡುವ ಮೊದಲು, ಊರೆಲ್ಲ ಸೇರಿ ಹೂಳು ತೆಗೆಯಬೇಕು. ಸುರಂಗದ ಒಂದೊಂದು ತುಂಡು ಒಂದೊಂದು ಮನೆಯ ಪಾಲು. ಆ ಮನೆಯ ಗಂಡಸೇ ಇಳಿಯಬೇಕು, ಕೂಲಿಯವನನ್ನು ಇಳಿಸುವ ಹಾಗಿಲ್ಲ. ಇಳಿಯದ ಮನೆಯ ನೀರಿನ ಸರದಿ ಪಕ್ಕದ ತೋಟಕ್ಕೆ ಹೋಗುತ್ತದೆ. ಹಾಗೆ ಹೋದ ಸರದಿ ತಿರುಗಿ ಬಂದದ್ದನ್ನು ನಮ್ಮಜ್ಜನ ಕಾಲದವರೂ ಕಂಡಿಲ್ಲ.

ಬೆನ್ನಾಸರನಿಗೆ ನಾಲ್ವರು ಹೆಣ್ಣುಮಕ್ಕಳು. ಅಳಿಯಂದಿರೆಲ್ಲ ಬೇರೆ ಬೇರೆ ಖೆತ್ತಾರದ ಊರಿನವರು, ಅವರಿಗೆ ಅವರವರ ಹೂಳು. ಹಾಗಾಗಿ ಅವನ ಮನೆಯ ಗಂಡಸು ಅಂದರೆ ಅವನೇ. ಅವನ ಅಪ್ಪ ಇಳಿಯುವುದನ್ನು ನಿಲ್ಲಿಸಿದ ವರ್ಷದಿಂದ ಇವನು ಇಳಿಯುತ್ತಿದ್ದ. ನಡುವೆ ಒಂದೇ ಒಂದು ಸಲ ಕಾಸಾಬ್ಲಾಂಕಾಕ್ಕೆ ಹೋಗಿ ಹೋಟೆಲಿನಲ್ಲಿ ತಟ್ಟೆ ತೊಳೆದದ್ದುಂಟು. ಹೂಳಿನ ಕಾಲ ಬರುವುದರೊಳಗೆ ವಾಪಸು ಬಂದ. ಅಲ್ಲಿ ಚಾವಣಿ ಬಹಳ ಎತ್ತರ, ಮಲಗಿದರೆ ಆಕಾಶದೊಳಕ್ಕೆ ಬೀಳುತ್ತೇನೋ ಅನ್ನಿಸಿ ನಿದ್ದೆಯೇ ಬರಲಿಲ್ಲ ಅಂದ. ಇಷ್ಟು ವರ್ಷಗಳಲ್ಲಿ ಸುರಂಗದಿಂದ ಅವನು ಹೊತ್ತು ಹಾಕಿದ ಮಣ್ಣನ್ನು ಒಂದೇ ಕಡೆ ಗುಡ್ಡೆ ಹಾಕಿದ್ದರೆ ಅದರ ನೆರಳು ಅಲ್ಜೀರಿಯಾದ ಮೇಲೆ ಬಿದ್ದು ಗಡಿಯ ತಕರಾರು ಎದ್ದಿರುತ್ತಿತ್ತು.

ಈಗ ಅವನ ತೊಂದರೆ ಬೆನ್ನಿನದಲ್ಲ, ಹಲ್ಲಿನದು. ಸುರಂಗದಲ್ಲಿ ಒಂದು ಕೈಗೆ ಗುದ್ದಲಿ, ಇನ್ನೊಂದಕ್ಕೆ ಬುಟ್ಟಿ. ದೀಪ ಹಿಡಿಯುವುದು ಬಾಯಿ. ಎಳೆಯರು ತಲೆಗೆ ಕಟ್ಟುವ ದೀಪ ತಂದಿದ್ದಾರೆ. ಬೆನ್ನಾಸರನೂ ಒಂದು ಸಲ ಕಟ್ಟಿ ನೋಡಿದ್ದ. ರುಮಾಲಿನ ಮೇಲೆ ಕಟ್ಟಿದರೆ ಸುರಂಗದ ಮೇಲ್ಭಾಗ ಅದನ್ನು ಕಿತ್ತುಕೊಂಡಿತು. ರುಮಾಲು ತೆಗೆದು ಕಟ್ಟಲು ಅವನು ಒಪ್ಪಲಿಲ್ಲ. ರುಮಾಲಿಲ್ಲದೆ ಅವನನ್ನು ಹೆಂಡತಿ ಯಾಮ್ನಾ ಕೂಡ ಸರಿಯಾಗಿ ಕಂಡಿರಲಿಲ್ಲ. ಹಾಗಾಗಿ ಅಪ್ಪನ ಕಾಲದ ಉಕ್ಕಿನ ಬ್ಯಾಟರಿಯೇ ಗತಿ. ಅದರ ತೂಕ ಎಷ್ಟೆಂದರೆ ಒಮ್ಮೆ ನಾಯಿಗೆ ಬೀಸಿ ಒಗೆದಾಗ ನಾಯಿ ಬದುಕಿತು, ಗೋಡೆ ಬಿತ್ತು. ಅದರ ಬೆಳಕು ಮಾತ್ರ ಮುದಿ ಬೆಕ್ಕಿನ ಕಣ್ಣಿನಷ್ಟು. ಹಲ್ಲು ತುಂಬ ಇದ್ದಾಗ ಅದನ್ನು ಕಚ್ಚಿ ಹಿಡಿದು ಒಪ್ಪೊತ್ತು ಕೆಲಸ ಮಾಡುತ್ತಿದ್ದ. ಈಗ ಉಳಿದಿರುವುದು ಮೇಲೆ ಎಡಗಡೆ ಎರಡು, ಕೆಳಗೆ ಬಲಗಡೆ ಒಂದು. ಮೇಲಿನವಕ್ಕೂ ಕೆಳಗಿನದಕ್ಕೂ ಮುಖಾಮುಖಿ ನಿಂತು ವರ್ಷಗಳೇ ಆಗಿವೆ. ಹೋದ ವರ್ಷ ಬ್ಯಾಟರಿ ಬಾಯಿಂದ ಜಾರಿ ನೀರಿಗೆ ಬಿದ್ದು, ಕತ್ತಲಲ್ಲಿ ತಡಕಾಡಿ ಹೇಗೋ ಪಾಲು ಮುಗಿಸಿದ್ದ. ಈ ವರ್ಷ ಅದೂ ಆಗುವುದಿಲ್ಲ ಅಂತ ಅವನಿಗೇ ಗೊತ್ತಿತ್ತು.

ಹೂಳಿಗೆ ಎರಡು ದಿನ ಇದೆ ಎನ್ನುವಾಗ ನನ್ನ ಮನೆಗೆ ಬಂದು ಬಾಗಿಲಲ್ಲೇ ಕೂತ. ಬಾವಿಯ ಮೇಲೆ ಅವನ ಹಗ್ಗ ಎಳೆಯುವವನು ನಾನೇ. ನನ್ನ ಪಾಲು ಮಗ ನೋಡಿಕೊಳ್ಳುತ್ತಾನೆ.

"ರಿಸಾನಿ ಸಂತೆಗೆ ಹೋಗೋಣ ಬಾ" ಅಂದ. "ನನ್ನ ಒಸಡಲ್ಲಿ ನಿಲ್ಲೋವಂಥ ಬ್ಯಾಟ್ರಿ ಬೇಕು. ಸಣ್ಣದಾಗಿರ್ಬೇಕು, ಆದ್ರೆ ಬೆಳಕು ಗಂಡಸಿನ ಥರ ಇರ್ಬೇಕು."

ಸಂತೆಯಲ್ಲಿ ಮಿಲೂದ್ ಎಂಬವನ ಅಂಗಡಿ. ಅವನ ಹಲಗೆಯ ಮೇಲೆ ರೇಡಿಯೋ, ಇಲಿಬೋನು, ಹೆಂಗಸರ ಬಾಚಣಿಗೆ, ಬ್ಯಾಟರಿಗಳು ಎಲ್ಲ ಒಂದೇ ಕುಟುಂಬದಂತೆ ಬಿದ್ದಿದ್ದವು. ಬೆನ್ನಾಸರ್ ಕೂತ. ಒಂದು ಬ್ಯಾಟರಿ ತೆಗೆದುಕೊಂಡ, ಬಾಯಿಗಿಟ್ಟ, ತಲೆ ಎಡಕ್ಕೆ ಬಲಕ್ಕೆ ಆಡಿಸಿದ, ತೆಗೆದು ತನ್ನ ಮುಸುಕಿನ ಉಣ್ಣೆ ಜುಬ್ಬಕ್ಕೆ ಒರೆಸಿ ವಾಪಸು ಇಟ್ಟ. ಇನ್ನೊಂದನ್ನು ಎತ್ತಿದ. ಮಿಲೂದನ ಮುಖ ಸಪ್ಪಗಾಗುತ್ತ ಬಂತು. ಅವನು ಎಲ್ಲ ಮುದುಕರನ್ನೂ ಹಾಜಿ ಎಂದೇ ಕರೆಯುವವನು. ಮೆಕ್ಕಾಕ್ಕೆ ಹೋಗದವರಿಗೆ ಅದು ಅವನ ಅಂಗಡಿಯಲ್ಲಿ ಪುಕ್ಕಟೆ.

"ಹಾಜಿ, ಇದು ಖರ್ಜೂರ ಅಲ್ಲ. ನೀವು ಎಂಜಲು ಮಾಡಿದ್ದನ್ನ ನಾನು ಯಾರಿಗೆ ಮಾರ್ಲಿ?"

"ಹಲ್ಲಿರೋರಿಗೆ ಮಾರಪ್ಪ. ಹಲ್ಲಿರೋರಿಗೆ ಯಾವುದಕ್ಕೂ ಹೇಸಿಗೆ ಇರಲ್ಲ."

"ಹಲ್ಲಿರೋರು ಕೈಲಿ ಹಿಡ್ಕೊತಾರೆ ಹಾಜಿ."

"ಅವ್ರಿಗೆ ಕೈ ಖಾಲಿ ಇರ್ತಾವೆ. ಪುಣ್ಯವಂತರು."

ಒಂದು ದಪ್ಪ, ಬಾಯಿ ಮುಚ್ಚಲು ಬಿಡದು. ಒಂದು ನುಣುಪು, ಸೋಪಿನಂತೆ ಜಾರುತ್ತಿತ್ತು. ಒಂದರ ಗುಂಡಿ ಹಿಂಭಾಗದಲ್ಲಿದ್ದು ನಾಲಿಗೆ ತಗುಲಿದಾಗೆಲ್ಲ ಆರಿಹೋಗುತ್ತಿತ್ತು. ಕೊನೆಗೆ ಮಿಲೂದ್ ಬೇಸತ್ತು ಹಲಗೆಯ ಅಡಿಯಿಂದ ಒಂದನ್ನು ತೆಗೆದ. ಕಿರುಬೆರಳಿಗಿಂತ ಚಿಕ್ಕದು, ಕಪ್ಪು, ಮೈಮೇಲೆಲ್ಲ ಸಣ್ಣ ಗೀರುಗಳು. ಬೆನ್ನಾಸರ್ ಅದನ್ನು ಒಸಡುಗಳ ನಡುವೆ ಇಟ್ಟ. ಅದು ಅಲ್ಲೇ ಹುಟ್ಟಿದ ಹಲ್ಲಿನಂತೆ ಕೂತಿತು. ತಲೆ ಕೊಡವಿದ, ಬೀಳಲಿಲ್ಲ. ಕೆಮ್ಮಿದ, ಬೀಳಲಿಲ್ಲ. ಏನೋ ಹೇಳಿದ. ಒಂಟೆ ಗೊಣಗಿದಂತಾಯಿತು. ಸರಿಯಾಗಿದೆ ಅಂತ ಅದರ ಅರ್ಥ.

ಆದರೆ ಬೆಳಕು? ನಮ್ಮ ಸೀಮೆಯ ಬಿಸಿಲಲ್ಲಿ ಎರಡನೆಯ ಸೂರ್ಯನನ್ನು ಹಚ್ಚಿಟ್ಟರೂ ಯಾರೋ ಮರೆತು ಬಿಟ್ಟುಹೋದ ತಟ್ಟೆ ಅಂದುಕೊಳ್ಳುತ್ತೇವೆ. ಹಲಗೆಯ ಮೇಲೆ ಎಲ್ಲ ಬ್ಯಾಟರಿಗಳೂ ಸತ್ತಂತೆಯೇ ಕಾಣುತ್ತಿದ್ದವು. ಬೆನ್ನಾಸರ್ ಯೋಚಿಸಿ, ನೆಲದ ಮೇಲೆ ಮಂಡಿಯೂರಿ, ಜುಬ್ಬದ ಮುಸುಕನ್ನು ಮುಂದಕ್ಕೆ ಎಳೆದು, ಅಂಚನ್ನೆಲ್ಲ ಒಳಕ್ಕೆ ಮಡಿಚಿ ಉಣ್ಣೆಯ ಮೂಟೆಯಾಗಿಬಿಟ್ಟ. ಹೊತ್ತು ಹೋಯಿತು. ದಾರಿಯಲ್ಲಿ ಹೋಗುವ ಹೆಂಗಸೊಬ್ಬಳು ಅರ್ಧ ರೊಟ್ಟಿಯನ್ನು ಮೂಟೆಯ ಪಕ್ಕ ಇಟ್ಟು ಹೋದಳು. ಕುರಿ ಮಾರುವವನೊಬ್ಬ ನನ್ನ ಬಳಿ ಬಂದು, ಹೋಗಿಬಿಟ್ರಾ ಅಂತ ತಗ್ಗಿದ ದನಿಯಲ್ಲಿ ವಿಚಾರಿಸಿದ. ಇಲ್ಲ, ಸಾಮಾನು ಕೊಳ್ಳುತ್ತಿದ್ದಾರೆ ಅಂದೆ. ಅಷ್ಟರಲ್ಲಿ ಮುಸುಕಿನ ನೇಯ್ಗೆಯ ಸಂದುಗಳಿಂದ ಬಿಳೀ ಬೆಳಕು ಎಳೆ ಎಳೆಯಾಗಿ ಹೊರಕ್ಕೆ ತೂರಿತು, ಆ ಬಿಸಿಲಲ್ಲೂ. ಕುರಿ ಮಾರುವವನು ಏನೋ ಮಂತ್ರ ಗೊಣಗುತ್ತ ಹಿಂದೆ ಸರಿದ.

ಬೆನ್ನಾಸರ್ ಹೊರಬಂದಾಗ ಕಣ್ಣಲ್ಲಿ ನೀರು. ಜುಬ್ಬದ ಒಳಗೆ ಯಾಮ್ನಾ ಹಾಕಿದ ಒಂದೊಂದು ಹೊಲಿಗೆಯೂ ಕಾಣಿಸಿತು, ಎಷ್ಟು ತೇಪೆ ಇದೆಯೆಂದು ಈವರೆಗೆ ಗೊತ್ತೇ ಇರಲಿಲ್ಲ ಅಂದ. ಚೌಕಾಸಿ ಮಾಡುವಷ್ಟು ತ್ರಾಣವಿರಲಿಲ್ಲ. ಮಿಲೂದನಿಗೂ ಆ ಬಾಯಿ ತನ್ನ ಹಲಗೆ ಬಿಟ್ಟು ತೊಲಗಿದರೆ ಸಾಕಾಗಿತ್ತು. ಹೆಂಗಸು ಬಿಟ್ಟುಹೋದ ರೊಟ್ಟಿಯನ್ನು ನಾವಿಬ್ಬರೂ ಹಂಚಿಕೊಂಡು ತಿಂದು ಬಂದೆವು.

ಹೂಳಿನ ದಿನ ಬೆಳಿಗ್ಗೆ ಒಂದೊಂದು ಬಾವಿಯ ಬಳಿಯೂ ಒಂದೊಂದು ಮನೆಯವರು. ನೀರಿನ ಶೇಖ್ ಅಲ್ಲಾಲ್ ಕೋಲು ಹಿಡಿದು ಬಾವಿಯಿಂದ ಬಾವಿಗೆ ಅಡ್ಡಾಡುತ್ತಿದ್ದರು. ಯಾರು ಇಳಿದರು, ಯಾರು ಮುಗಿಸಿದರು ಅಂತ ನೋಡಿ ಸರದಿ ಗೊತ್ತುಮಾಡುವವರು ಅವರೇ. ಬೆನ್ನಾಸರನನ್ನು ನಾನು ರಾಟೆಯ ಹಗ್ಗದಲ್ಲಿ ಇಳಿಬಿಟ್ಟೆ. ಇಳಿಯುತ್ತ ನಿದ್ದೆ ಹೋಗುವ ಅಭ್ಯಾಸ ಅವನಿಗೆ. ತಳ ಮುಟ್ಟಿದ ಮೇಲೆ ಹಗ್ಗ ಅಲ್ಲಾಡಿಸಿ ಎಬ್ಬಿಸಿದೆ.

ಅವನು ಬ್ಯಾಟರಿ ಹಚ್ಚಿದ. ಬಾವಿಯಿಂದ ಎದ್ದ ಬೆಳಕಿಗೆ ನನ್ನ ಗಡ್ಡದ ನೆರಳು ಆಕಾಶಕ್ಕೆ ಬಿದ್ದಿತು ಅಂದರೆ ನೀವು ನಂಬುವುದಿಲ್ಲ, ಇರಲಿ. ಬಾವಲಿಗಳು ಮನೆ ಖಾಲಿ ಮಾಡಿಕೊಂಡು ಹೋದದ್ದಂತೂ ನಿಜ. ಬೆನ್ನಾಸರ್ ಬಗ್ಗಿ ಒಳಗೆ ಹೋದ. ನಾನು ಮೊದಲ ಬುಟ್ಟಿಗಾಗಿ ಕಾದೆ. ಪಕ್ಕದ ಬಾವಿಗಳಲ್ಲಿ ಮಣ್ಣು ಮೇಲೆ ಬರತೊಡಗಿತು. ನನ್ನ ಹಗ್ಗ ಮಿಸುಕಲಿಲ್ಲ.

ಸ್ವಲ್ಪ ಹೊತ್ತಿಗೆ ಅವನು ವಾಪಸು ಬಾವಿಯ ತಳಕ್ಕೆ ಬಂದು ಕೂತ. ಬ್ಯಾಟರಿ ಕೈಯಲ್ಲಿತ್ತು.

"ಏನಾಯ್ತೋ?"

"ಮೇಲ್ಗಡೆ ಏನಿದೆ ಅಂತ ನೀನು ಯಾವತ್ತಾದ್ರೂ ನೋಡಿದ್ಯಾ?"

"ನಾನು ಮೇಲ್ಗಡೇನೇ ಇದೀನಲ್ಲ."

"ನಿನ್ನ ಮೇಲಲ್ಲ ಮಾರಾಯ. ನನ್ನ ಮೇಲೆ."

ಆಮೇಲೆ ಒಂದೊಂದೇ ಮಾತಾಗಿ ಹೇಳಿದ. ಅವನ ಪಾಲಿನ ನಟ್ಟನಡುವೆ, ತಲೆಗೆ ತಾಗುವಷ್ಟು ಹತ್ತಿರ, ಮಲಗಿದ ಒಂಟೆಯಷ್ಟು ದೊಡ್ಡ ಬಂಡೆ. ಸುತ್ತಲೂ ಬಿರುಕು, ತೋಳು ಒಳಗೆ ಹೋಗುವಷ್ಟು. ಯಾವುದೋ ಮರದ ಬೇರು ಅದನ್ನು ಹಿಡಿದುಕೊಂಡಿದೆ, ಅದೂ ಸುಮ್ಮನೆ ಒಂದು ಮರ್ಯಾದೆಗೆ. ಮುದಿ ಬೆಕ್ಕಿನ ಕಣ್ಣಿನ ಬೆಳಕಿನಲ್ಲಿ ಇಷ್ಟು ವರ್ಷ ಅವನಿಗೆ ಕಂಡದ್ದು ಗುದ್ದಲಿಯ ತುದಿ ಮಾತ್ರ. ಅಲ್ಲಿ ಸ್ವಲ್ಪ ಜಾಗ ಅಗಲವಾಗಿದೆ ಅಂತ ರೊಟ್ಟಿ ತಿನ್ನಲು ಕೂರುತ್ತಿದ್ದದ್ದೂ, ತಿಂದು ಒಂದು ನಿದ್ದೆ ತೆಗೆಯುತ್ತಿದ್ದದ್ದೂ ಅದೇ ಬಂಡೆಯ ಕೆಳಗೆ. ಅವನಪ್ಪನೂ ಅಲ್ಲೇ ಮಲಗುತ್ತಿದ್ದ. ಅವನಪ್ಪನ ಗೊರಕೆ ಅಂದರೆ ಅಟ್ಲಾಸ್ ಬೆಟ್ಟದ ಮೇಕೆಗಳು ದಾರಿ ಬದಲಿಸುತ್ತಿದ್ದವು. ಆ ಗೊರಕೆಗೂ ಬಂಡೆ ಬಿದ್ದಿರಲಿಲ್ಲ.

ಹಾಗಾದರೆ ಇವತ್ತೂ ಬೀಳುವುದಿಲ್ಲ ಅಂದೆ. ನೋಡದೆ ಇದ್ದಾಗಿನ ಮಾತು ಬೇರೆ, ಈಗ ಕಾಲು ಏಳುತ್ತಿಲ್ಲ ಅಂದ.

ಅಷ್ಟರಲ್ಲಿ ಶೇಖ್ ಅಲ್ಲಾಲ್ ನಮ್ಮ ಬಾವಿಗೆ ಬಂದರು. ಬಾವಿಯ ಪಕ್ಕ ಒಂದು ಹಿಡಿ ಮಣ್ಣೂ ಇರಲಿಲ್ಲ. ನಾನು ವಿಷಯ ಹೇಳಿದೆ. ಅವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಆಮೇಲೆ ಬಾವಿಯ ಅಂಚಿಗೆ ಮಂಡಿಯೂರಿ ಕೂತು ಮೆಲ್ಲಗೆ ಮಾತಾಡಿದರು.

"ಬೆನ್ನಾಸರ್, ಬಂಡೆ ಗಿಂಡೆ ಅಂತ ಜೋರಾಗಿ ಹೇಳ್ಬೇಡ. ಈ ಹುಡುಗ್ರೆಲ್ಲ ಹೆದ್ರಿ ಮೇಲೆ ಬಂದ್ರೆ ಇಡೀ ಊರಿಗೆ ನೀರಿಲ್ಲ. ಖರ್ಜೂರದ ಕೊಯ್ಲಾಗ್ಲಿ, ದಿಮ್ಮಿ ಕೊಡಿಸಿ ಆಸರೆ ನಿಲ್ಲಿಸ್ತೀನಿ."

"ನಿಮ್ಮಪ್ಪನೂ ನಮ್ಮಪ್ಪಂಗೆ ಏನೋ ದಿಮ್ಮಿ ಕೊಡ್ತೀನಿ ಅಂದಿದ್ರಂತೆ, ಶೇಖ್. ಯಾಕೆ ಅಂತ ನಂಗೆ ಇವತ್ತು ಗೊತ್ತಾಯ್ತು."

ಶೇಖ್ ಮಂಡಿ ಉಜ್ಜಿಕೊಂಡರು. ಅವರು ಕೆಟ್ಟವರಲ್ಲ. ಅವರಿಗೂ ಮೊಣಕಾಲು ನೋವು. "ನೀನು ಮೇಲೆ ಬಂದ್ರೆ ನಾನು ಬೇಡ ಅನ್ನಲ್ಲ" ಅಂದರು. "ಆದ್ರೆ ನಿನ್ನ ಸರದಿ ಉಳಿಸೋದು ನನ್ನ ಕೈಲಿಲ್ಲ. ಒಬ್ಬನಿಗೆ ಬಿಟ್ರೆ ನಾಳೆ ಎಲ್ರ ತಲೆ ಮೇಲೂ ಬಂಡೆ ಹುಟ್ಕೊಳ್ತಾವೆ."

ಕೋಲೂರಿ ಎದ್ದು ಮುಂದಿನ ಬಾವಿಗೆ ಹೋದರು. ನಾನು ಕೆಳಗೆ ನೋಡಿದೆ. ಬೆನ್ನಾಸರ್ ಎರಡೂ ಕೈ ಮಂಡಿಯ ಮೇಲಿಟ್ಟು ನೀರನ್ನೇ ನೋಡುತ್ತಿದ್ದ. ಅವನ ತೋಟದಲ್ಲಿರುವುದು ಅವನಪ್ಪ ನೆಟ್ಟ ಮರಗಳು. ಹೆಣ್ಣುಮಕ್ಕಳ ಮದುವೆಯಾದದ್ದು, ಯಾಮ್ನಾಳ ಕಣ್ಣಿನ ಆಪರೇಷನ್ ಆದದ್ದು, ಎಲ್ಲ ಆ ಮರಗಳಿಂದಲೇ. ಒಂದು ಬೇಸಿಗೆ ನೀರಿಲ್ಲದಿದ್ದರೆ ಅವು ಸೌದೆ. ಹಗ್ಗ ಎಳೆಯಲೇನೋ ಅಂತ ಕೇಳಿದೆ. ಬೇಕಾದರೆ ನಾನು ಇಳಿಯುತ್ತೇನೆ ಅಂದೆ. ನೀನು ನನ್ನ ಮನೆಯ ಗಂಡಸಲ್ಲ, ಯಾಮ್ನಾ ಒಪ್ಪುವುದಿಲ್ಲ ಅಂದ. ನಗಲಿಲ್ಲ.

ಆಮೇಲೆ ಅವನು ಮಾಡಿದ್ದನ್ನು ನಾನು ಮೇಲಿನಿಂದ ಸರಿಯಾಗಿ ನೋಡಿದೆ, ಇದರಲ್ಲಿ ಒಂದಿಷ್ಟೂ ಉಪ್ಪುಖಾರ ಇಲ್ಲ. ಬಗ್ಗಿ ಒಂದು ಬೆರಳು ಕೆಸರು ತೆಗೆದ. ಹೊಸ ಬ್ಯಾಟರಿಯ ಗಾಜಿಗೆ ಬಳಿದ. ಹಚ್ಚಿ ನೋಡಿದ, ಇನ್ನೂ ಜಾಸ್ತಿ ಅನ್ನಿಸಿತು. ಇನ್ನೊಂದು ಬೆರಳು ಬಳಿದ. ಸಂತೆಯ ನಡುಮಧ್ಯಾಹ್ನದಲ್ಲಿ ಉಣ್ಣೆಯ ಮುಸುಕನ್ನು ತೂರಿದ್ದ ಬೆಳಕು ಕಂದು ಬಣ್ಣಕ್ಕೆ ತಿರುಗಿ, ಕೊನೆಗೆ ಮೊಣಕೈ ಉದ್ದಕ್ಕಿಂತ ಮುಂದೆ ಹೋಗದಂತಾಯಿತು. ಆಗ ಅದನ್ನು ಒಸಡಿಗೆ ಸಿಕ್ಕಿಸಿಕೊಂಡು, ಗುದ್ದಲಿ ಬುಟ್ಟಿ ಎತ್ತಿಕೊಂಡು, ತಲೆ ತಗ್ಗಿಸಿ ಒಳಗೆ ಹೋದ.

ಹಗ್ಗ ಅಲ್ಲಾಡಿತು. ಮೊದಲ ಬುಟ್ಟಿ ಬಂತು. ಆಮೇಲೆ ಬರುತ್ತಲೇ ಇದ್ದವು. ನಾನು ಎಳೆಯುತ್ತ ಪ್ರತಿ ಸಲವೂ ಕಿವಿ ನಿಮಿರಿಸಿ ಕೂರುತ್ತಿದ್ದೆ. ಒಂದೆರಡು ಬುಟ್ಟಿಗಳ ನಡುವೆ ತಡವಾದಾಗ ನನ್ನ ಗಡ್ಡದಲ್ಲಿ ಉಳಿದಿದ್ದ ಕಪ್ಪು ಕೂದಲೂ ಬೆಳ್ಳಗಾದವು. ಊರಿನವರೆಲ್ಲ ಮುಗಿಸಿ ಚಹಾ ಕುಡಿದು ಮನೆಗೆ ಹೋದರು. ನಮ್ಮ ಬಾವಿಯ ಕೊನೆಯ ಬುಟ್ಟಿ ಬಂದಾಗ ಬಿಸಿಲು ಓರೆಯಾಗಿತ್ತು.

ಅವನನ್ನು ಮೇಲೆಳೆದುಕೊಂಡೆ. ರೊಟ್ಟಿ ಕೊಟ್ಟರೆ ಜಗಿಯಲಾಗಲಿಲ್ಲ. ಬ್ಯಾಟರಿ ಹಿಡಿದು ಹಿಡಿದು ದವಡೆ ಮರಗಟ್ಟಿತ್ತು. ಶೇಖ್ ಅಲ್ಲಾಲ್ ಬಂದು ಮಣ್ಣಿನ ಗುಡ್ಡೆ ನೋಡಿದರು, ಬೆನ್ನಾಸರನ ಮುಖ ನೋಡಿದರು. ಶುಕ್ರವಾರ ಮಧ್ಯಾಹ್ನದ ನೀರು ಎಂದಿನಂತೆ ನಿನ್ನದು ಅಂದು, ಕೋಲೂರಿ ಹೊರಟುಹೋದರು.

"ಬಂಡೆ?" ಅಂತ ನಾನು ಕೇಳಿದೆ.

"ಕಾಣ್ಲಿಲ್ಲ" ಅಂದ. "ಇದೆ. ಕಾಣ್ಲಿಲ್ಲ."

ಶುಕ್ರವಾರ ಪ್ರಾರ್ಥನೆ ಮುಗಿಸಿ ಅವನ ತೋಟಕ್ಕೆ ಹೋದೆ. ಕಾಲುವೆಯಲ್ಲಿ ನೀರು ಬಂದಿತ್ತು. ಮಡಿ ಒಡೆದು ನೀರು ತಿರುಗಿಸುತ್ತಿದ್ದವಳು ಯಾಮ್ನಾ, ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು. ಬೆನ್ನಾಸರ್ ಮರಕ್ಕೆ ಒರಗಿ ಮಲಗಿದ್ದ. ಎಬ್ಬಿಸಲೇನೋ ಅಂದೆ. ಬೇಡ, ಎರಡು ರಾತ್ರಿಯಿಂದ ಮಲಗಿಲ್ಲ, ಮನೆಯ ಸೂರನ್ನೇ ನೋಡಿಕೊಂಡು ಕೂತಿರುತ್ತಾರೆ ಅಂದಳು. ಇಲ್ಲಿ ತಲೆಯ ಮೇಲೆ ಖರ್ಜೂರದ ಗರಿ ಬಿಟ್ಟರೆ ಬೇರೇನೂ ಇಲ್ಲ ಅಂತ ತಾನೇ ಕರೆದುಕೊಂಡು ಬಂದಳಂತೆ. ಅವಳ ಕೈಯಿಂದ ಸನಿಕೆ ಇಸಿದುಕೊಂಡು ನಾನು ಮುಂದಿನ ಮಡಿ ಒಡೆದೆ.