ಸೊಸೆಯ ಹಗ್ಗ ಹಿಡಿದ ಅತ್ತೆ

ಬೆಳಗಿನ ಐದೂಮುಕ್ಕಾಲು. ಹಳೆಯ ಗೋದಾಮಿನ ಕಬ್ಬಿಣದ ಏಣಿಯನ್ನು ಐವತ್ತೆಂಟರ ಹೆಂಗಸೊಬ್ಬರು ಬರಿಗಾಲಲ್ಲಿ ಹತ್ತುತ್ತಿದ್ದಾರೆ. ತೊಲೆಗೆ ಬಿಗಿದ ರಾಟೆಗಳಿಗೆ ಎಣ್ಣೆ ಬಿಟ್ಟು ಕೆಳಗಿಳಿದು, ಹನ್ನೊಂದು ಹಗ್ಗಗಳನ್ನೂ ಕಣ್ಣು ಮುಚ್ಚಿಕೊಂಡು ಗೇಣುಗೇಣಾಗಿ ಬೆರಳ ಸಂದಿಯಲ್ಲಿ ಹಾಯಿಸುತ್ತಾರೆ. ಕಣ್ಣಿಗೆ ತಪ್ಪಿದ ಹರಿದ ಎಳೆಯೂ ಬೆರಳಿಗೆ ಸಿಗುತ್ತದಂತೆ. ಆಮೇಲೆ ಒಂದೊಂದು ಹಗ್ಗಕ್ಕೂ ತಾವೇ ಜೋತುಬಿದ್ದು ನೂರರವರೆಗೆ ಎಣಿಸುತ್ತಾರೆ. ಇಷ್ಟಾದರೂ ಅವರ ಮುಖದಲ್ಲಿ ನೆಮ್ಮದಿಯಿಲ್ಲ. ಏಳನೆಯ ಹಗ್ಗದ ಹತ್ತಿರ ಮತ್ತೆ ಹೋಗಿ ನಿಲ್ಲುತ್ತಾರೆ. ಅದು ಸೊಸೆಯ ಹಗ್ಗ.

ಗೋದಾಮು ಈಗ ನಾಟಕದ ಮನೆ. ರಷ್ಯಾದ ಅಸಂಗತ ಬರಹಗಳ ಗುಂಗು ಹಿಡಿದ ಒಂಬತ್ತು ಮಂದಿಯ ತಂಡವೊಂದು ಇಲ್ಲಿ ಪ್ರಯೋಗ ನಡೆಸುತ್ತಿದೆ. ನಾಯಕನಿಲ್ಲ, ನಾಯಕಿಯಿಲ್ಲ, ಎಲ್ಲರೂ ಎಲ್ಲ ಪಾತ್ರಕ್ಕೂ ಸೈ. ಸದ್ಯದ ನಾಟಕದಲ್ಲಿ ಗುಮಾಸ್ತನೊಬ್ಬ ಮನೆಗೆ ಬಂದು ನೋಡಿದರೆ ಮೇಜು, ಕಪಾಟು, ಹೆಂಡತಿ ಎಲ್ಲವೂ ಸೂರು ಸೇರಿವೆ. ಯಾರಿಗೂ ಅದು ವಿಚಿತ್ರವೆನಿಸುವುದಿಲ್ಲ. ಇಪ್ಪತ್ತಡಿ ಮೇಲೆ ತೂಗುವ ಕುರ್ಚಿಯಲ್ಲಿ ಕೂತು ಅಂಗಿಗೆ ಗುಂಡಿ ಹೊಲಿಯುವ ಹೆಂಡತಿ, ತಣ್ಣಗೆ "ನಾನು ಬೀಳ್ತಿದೀನಿ, ಬಾಗಿಲು ಹಾಕಿ" ಅನ್ನುತ್ತಾಳೆ. ಜನ ಬಿದ್ದೂ ಬಿದ್ದೂ ನಗುತ್ತಾರೆ. ಆ ಹೆಂಡತಿಯೇ ಇವರ ಸೊಸೆ.

ವಾರಕ್ಕೆ ಮೂರು ಪ್ರದರ್ಶನ. ಒಂದೊಂದರಲ್ಲೂ ಹದಿನಾಲ್ಕು ಸಲ ಎತ್ತುವುದು, ಇಳಿಸುವುದು. ಸೊಸೆ ಮೇಲಿರುವ ನಲವತ್ತು ನಿಮಿಷವೂ ಅತ್ತೆ ಪಕ್ಕದ ಪರದೆಯ ಹಿಂದೆ, ಕಬ್ಬಿಣದ ಗೂಟಕ್ಕೆ ಸುತ್ತಿದ ಹಗ್ಗ ಹಿಡಿದು ನಿಂತಿರುತ್ತಾರೆ. ಅಲ್ಲಿಂದ ಕುರ್ಚಿ ಕಾಣುವುದಿಲ್ಲ. ಮಾತು ಮಾತ್ರ ಕೇಳುತ್ತದೆ. ಮನೆಯ ಜಗಳವನ್ನು ಮನೆಯಲ್ಲೇ ಮುಗಿಸಿಕೊಂಡು ಬನ್ನಿ ಎಂದು ತಂಡದವರು ತಮಾಷೆ ಮಾಡುತ್ತಾರೆ. ಹಗ್ಗದಮ್ಮ ಎಂದೇ ಎಲ್ಲರೂ ಕರೆಯುವ ಇವರಿಗೆ ಮಾತ್ರ ನಗು ಬರುವುದಿಲ್ಲ.

ಇದೇ ಗೋದಾಮಿನಲ್ಲಿ ಇವರು ಇಪ್ಪತ್ತೊಂಬತ್ತು ವರ್ಷ ಹತ್ತಿಯ ಮೂಟೆ ಎತ್ತಿಸಿದವರು. ಒಂದು ಸಂಜೆ ಹಗ್ಗದಲ್ಲಿ ಎರಡು ಎಳೆ ಬಿಟ್ಟಿದ್ದು ಕಂಡಿತು. ನಾಳೆ ಹೇಳಿದರಾಯಿತು ಎಂದುಕೊಂಡು ಮನೆಗೆ ಹೋದರು. ಮರುದಿನ ಇವರು ಬಾಯಿ ತೆರೆಯುವ ಮೊದಲೇ ಮೂಟೆ ಕೆಳಗೆ ಬಂತು. ಅಡಿಯಲ್ಲಿದ್ದವರು ಅಕ್ಕನ ಗಂಡ. ಒಂದು ಕಾಲು ಹೋಯಿತು. "ಭಾವ ಒಂದು ದಿನಾನೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ.

ಗೋದಾಮು ಮುಚ್ಚಿ, ತಂಡ ಬಂದಾಗ ರಾಟೆಗಳ ಮರ್ಮ ಬಲ್ಲವರು ಇವರೊಬ್ಬರೇ. ಪರದೆ ಎಳೆಯುವ ಕೆಲಸವೆಂದು ಒಪ್ಪಿಕೊಂಡರು. ಮನುಷ್ಯರನ್ನು ಎತ್ತಬೇಕೆಂದು ತಿಳಿದದ್ದು ಆಮೇಲೆ, ಅದರಲ್ಲೂ ಸೊಸೆಯನ್ನು ಎಂದು ತಿಳಿದದ್ದು ಇನ್ನೂ ಆಮೇಲೆ. ಇವರನ್ನು ಕಾಡಿದ ದಿಗಿಲು ಒಂದೇ: ಚೀರುವುದೂ ನಾಟಕ, ಬೀಳುತ್ತೇನೆ ಅನ್ನುವುದೂ ನಾಟಕ. ನಿಜವಾಗಿ ಬೀಳುವಾಗ ಗೊತ್ತಾಗುವುದು ಹೇಗೆ? ಅದಕ್ಕೇ ತಲೆಬುಡವಿಲ್ಲದ ಆ ಮಾತುಗಳನ್ನೆಲ್ಲ ಅಕ್ಷರ ತಪ್ಪದೆ ಬಾಯಿಪಾಠ ಮಾಡಿಕೊಂಡರು.

ಹೋದ ತಿಂಗಳ ಒಂದು ಪ್ರದರ್ಶನ. ಸೊಸೆ ಎಂದಿನಂತೆ ಬೀಳ್ತಿದೀನಿ ಎಂದಳು. ಜನ ನಕ್ಕರು. ನಗು ನಿಲ್ಲುವ ಮೊದಲೇ ಮೇಲಿನಿಂದ ಇನ್ನೊಂದು ಮಾತು ಬಂತು.

"ಅತ್ತೆ."

ಜೋರಾಗಿ ಕೂಗಿದ್ದಲ್ಲ. ಆ ಪದ ನಾಟಕದಲ್ಲಿ ಎಲ್ಲೂ ಇಲ್ಲ. ಹಗ್ಗದಮ್ಮನ ಕೈ ತಲೆಗಿಂತ ಮೊದಲು ಓಡಿ, ಗೂಟದ ಹಗ್ಗ ಸಡಿಲಿಸಿ ಕುರ್ಚಿಯನ್ನು ಸರಸರ ಇಳಿಸತೊಡಗಿತು. ಹಗ್ಗ ಅಂಗೈ ಸುಡುತ್ತ ಜಾರಿತು. ಕುರ್ಚಿ ನೆಲ ಮುಟ್ಟಿದ್ದೇ ಎರಡು ಹೋಳಾಯಿತು. ಹಗ್ಗ ಗಟ್ಟಿಯಾಗೇ ಇತ್ತು, ಮೇಲಿದ್ದಾಗಲೇ ಸೀಳು ಬಿಟ್ಟಿದ್ದು ಕುರ್ಚಿಯ ಮರ. ಸೊಸೆಗೆ ಏನೂ ಆಗಲಿಲ್ಲ, ಆದರೆ ಹಗ್ಗ ಹಿಡಿದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ನಡೆದದ್ದು ಅರಿಯದ ನಿರ್ದೇಶಕರು ಓಡಿಬಂದು, ಅದ್ಭುತವಾಗಿತ್ತು, ಇನ್ನು ಮೇಲೆ ದಿನಾ ಹೀಗೇ ಇರಲಿ ಎಂದರು. ಅತ್ತೆ ಸುಟ್ಟ ಅಂಗೈಗಳನ್ನು ಅವರ ಮುಂದೆ ಚಾಚಿದರು. "ಆ ಮಾತು ನಾಟಕಕ್ಕೆ ಕೊಡಲ್ಲ ಸಾರ್. ಅದು ನಮ್ಮನೇದು."

ಇಬ್ಬರೂ ಈ ಕೆಲಸ ಬಿಟ್ಟುಬಿಡಿ ಎಂದು ಮಗ ಹೇಳಿದ. ಸೊಸೆ ಒಪ್ಪಲಿಲ್ಲ. ಅತ್ತೆ ಹಗ್ಗ ಹಿಡಿದರೆ ಮಾತ್ರ ಹತ್ತುತ್ತೇನೆ ಎಂದು ಹೇಳಿದಳಂತೆ. ಅಲ್ಲಿಗೆ ಇವರೂ ಬಿಡುವಂತಿಲ್ಲ. ಈಗ ಹಗ್ಗಗಳಾದ ಮೇಲೆ ಕುರ್ಚಿ, ಮೇಜುಗಳನ್ನೂ ತಟ್ಟಿ ಕಿವಿಗೊಡುತ್ತಾರೆ. ಇನ್ನೇನು ನೋಡದೆ ಬಿಟ್ಟಿದ್ದೇನೋ ಎಂಬ ಯೋಚನೆಗೆ ಊಟದ ನಡುವೆಯೇ ಎದ್ದು ಹೋಗಿ ಮತ್ತೊಮ್ಮೆ ತಟ್ಟಿ ನೋಡುತ್ತಾರೆ.

ಮುಂದಿನ ನಾಟಕದ ಬರವಣಿಗೆ ಶುರುವಾಗಿದೆ. ಅದರಲ್ಲಿ ಒಂದು ಇಡೀ ಕಚೇರಿ ಮೋಡದ ಮೇಲಿರುತ್ತದೆ ಎಂಬ ಸುದ್ದಿ ಇವರ ಕಿವಿಗೂ ಬಿದ್ದಿದೆ.

"ಎಲ್ಲರನ್ನೂ ನೆಲದ ಮೇಲೆ ಕೂರಿಸಿ ಬರೀರಿ ಅಂತ ಕೇಳ್ಕೊಂಡಿದೀನಿ," ಎನ್ನುತ್ತ ಹಗ್ಗದಮ್ಮ ಕೈ ಒರೆಸಿಕೊಳ್ಳುತ್ತಾರೆ. "ನನ್ನ ಕೆಲಸ ಹೋದ್ರೆ ಹೋಗ್ಲಿ. ಜನ ನಗೋ ಜಾಗದಲ್ಲಿ ನಾನೂ ಒಂದ್ಸಲ ನಗ್ಬೇಕು."