ಅಕ್ಕನಿಲ್ಲದ ಚಿತ್ರ

ಇಪ್ಪತ್ತೆರಡು ವರ್ಷಗಳಿಂದ ಕಟ್ಟುಹಲ್ಲು ಮಾಡುವುದೇ ಅವಳ ಕೆಲಸ. ದಂತವೈದ್ಯರು ಕಳಿಸುವ ಅಚ್ಚುಗಳಿಗೆ ಪ್ಲಾಸ್ಟರ್ ಹುಯ್ದು, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸುತ್ತಾಳೆ. ಊರಿನ ಎಷ್ಟೋ ಮುದುಕರು ನಗುವುದು ಅವಳು ಮಾಡಿದ ಹಲ್ಲಿನಲ್ಲಿ. ಮಾಡಿದವಳು ಯಾರೆಂದು ಅವರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಅದಕ್ಕೆ ಅವಳು ಬೇಸರಪಟ್ಟವಳಲ್ಲ. ಅವಳಿಗೆ ಹೊಟ್ಟೆಕಿಚ್ಚು ಇದ್ದದ್ದು ಒಬ್ಬಳ ಮೇಲೆ ಮಾತ್ರ, ಒಡಹುಟ್ಟಿದ ತಂಗಿಯ ಮೇಲೆ.

ತಂಗಿ ಐದು ವರ್ಷಕ್ಕೆ ಚಿಕ್ಕವಳು. ಅಕ್ಕ ಹದಿನೆಂಟಕ್ಕೇ ಕೆಲಸಕ್ಕೆ ನಿಂತಳು. ತಂಗಿ ಕಾಲೇಜನ್ನು ಅರ್ಧಕ್ಕೆ ಬಿಟ್ಟು ಸಿನಿಮಾ ಸಿನಿಮಾ ಎಂದು ಅಲೆದಳು. ಆದರೂ ಮನೆಗೆ ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು, "ಚಿಕ್ಕವಳು ಏನ್ಮಾಡ್ತಿದಾಳೆ?" ಎಂದೇ. ಎದುರಿಗೇ ಕೂತ ದೊಡ್ಡವಳು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಆ ತಂಗಿ ಈಗ ನಾಲ್ಕು ವರ್ಷ ಒದ್ದಾಡಿ, ಯಾವ ದೊಡ್ಡ ಕಂಪನಿಯ ಹಂಗೂ ಇಲ್ಲದೆ, ಗೆಳೆಯರನ್ನು ಕಟ್ಟಿಕೊಂಡು ಒಂದು ಚಿತ್ರ ಮಾಡಿದ್ದಳು. ಚಿತ್ರೋತ್ಸವದಲ್ಲಿ ಅದಕ್ಕೆ ಜಾಗ ಸಿಕ್ಕಿತು. ಅಮ್ಮನಿಗೂ ಅಕ್ಕನಿಗೂ ಮೂರನೇ ಸಾಲಿನ ಪಾಸು ಬಂತು. "ನಮ್ಮನೆ ಥರದ್ದೇ ಒಂದು ಮನೆ ಕಥೆ. ಒಂದು ಹುಡುಗಿ ದೊಡ್ಡವಳಾಗೋದು, ಅಷ್ಟೆ," ಎಂದಿದ್ದಳು ತಂಗಿ. ಅದಕ್ಕಿಂತ ಹೆಚ್ಚು ಹೇಳಿರಲಿಲ್ಲ.

ದೀಪ ಆರಿತು. ಪರದೆಯ ಮೇಲೆ ಒಂದು ಹಳೆಯ ಲಿಫ್ಟು, ಅದರೊಳಗೆ ಸ್ಟೂಲಿನ ಮೇಲೆ ಕೂತ ಒಬ್ಬ ಮನುಷ್ಯ. ಅಕ್ಕ ಸೀಟಿನ ತುದಿಗೆ ಸರಿದು ಕೂತಳು. ಅವಳ ಅಪ್ಪ ಒಂದು ಆಫೀಸು ಕಟ್ಟಡದಲ್ಲಿ ಲಿಫ್ಟು ನಡೆಸುತ್ತಿದ್ದವನು. ಅಂಕಿ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಯಾವ ಮಹಡಿಯಲ್ಲಿ ಯಾವ ಕಚೇರಿ ಎಂಬುದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಹನ್ನೊಂದು ವರ್ಷ ದೂಡಿದ್ದ. ದೊಡ್ಡ ಮಗಳಿಗೆ ಹನ್ನೆರಡು ತುಂಬಿದಾಗ ಒಂದು ರಜೆಯ ದಿನ ಅವಳನ್ನು ಕರೆದು, "ಯಾರಿಗೂ ಹೇಳ್ಬೇಡ, ನಂಗೆ ಓದೋಕೆ ಕಲಿಸ್ತೀಯಾ?" ಎಂದು ಕೇಳಿದ್ದ. ಕೇಳುವಾಗ ಅವನು ನೋಡುತ್ತಿದ್ದದ್ದು ಮಗಳ ಮುಖವನ್ನಲ್ಲ, ತನ್ನ ಚಪ್ಪಲಿಯನ್ನು. ಅಂದಿನಿಂದ ವಾರಕ್ಕೊಂದು ಮಧ್ಯಾಹ್ನ, ಕೋಣೆಯ ಬಾಗಿಲಿಗೆ ಚಿಲಕ ಹಾಕಿಕೊಂಡು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಪ್ಪ-ಮಗಳ ಪಾಠ.

ಪರದೆಯ ಮೇಲೂ ಅದೇ ನೆಲ, ಅದೇ ಸೀಮೆಸುಣ್ಣ. ಕಲಿಸುತ್ತಿದ್ದವಳು ಮಾತ್ರ ಏಳು ವರ್ಷದ ಒಂದು ಪೋರಿ. ಮುಂದಿನ ಎರಡು ಹಲ್ಲಿನ ನಡುವೆ ಸಂದು. ತಂಗಿಗೆ ಚಿಕ್ಕಂದಿನಲ್ಲಿ ಇದ್ದದ್ದು ಅಂಥದೇ ಹಲ್ಲು. ಆ ಮನೆಯಲ್ಲಿ ಅಪ್ಪ, ಅಮ್ಮ, ಒಬ್ಬಳೇ ಮಗಳು. ಅಕ್ಕ ಅನ್ನುವವಳು ಹುಟ್ಟಿಯೇ ಇಲ್ಲ!

ಕಥೆ ಮುಂದೆ ಹೋಯಿತು. ಅಪ್ಪ ಒಂದು ಸಂಜೆ ಓಡೋಡಿ ಮನೆಗೆ ಬಂದು, ಏದುಸಿರು ಬಿಡುತ್ತ ಮಗಳಿಗೆ ಹೇಳಿದ: "ಲಿಫ್ಟಲ್ಲಿ ಒಂದು ಬೋರ್ಡು ಇತ್ತು ಕಣೇ, ಇವತ್ತು ಓದಿದೆ. ಎಂಟು ಜನರಿಗೆ ಮಾತ್ರ ಅಂತ! ನಾನು ಇಷ್ಟು ವರ್ಷ ಹನ್ನೆರಡು ಜನಾನ ತುಂಬ್ತಿದ್ದೆ!"

ಇಡೀ ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಅಕ್ಕನ ಮೈಯೆಲ್ಲ ಉರಿಯಿತು. ಆ ಮಾತನ್ನು ಅಪ್ಪ ಹೇಳಿದ್ದು ಅವಳೊಬ್ಬಳಿಗೆ. ಅಪ್ಪ ತೀರಿಹೋದ ವರ್ಷ, ಅಳುತ್ತ ಕೂತ ತಂಗಿಯನ್ನು ನಗಿಸಲೆಂದು ಅವಳೇ ಅದನ್ನು ಹೇಳಿಬಿಟ್ಟಿದ್ದಳು.

ಪಕ್ಕದಲ್ಲಿ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಪಿಸುಗುಟ್ಟಿದಳು: "ಎಷ್ಟು ಚೆನ್ನಾಗಿ ನೆನಪಿಟ್ಕೊಂಡಿದಾಳೆ ನೋಡು. ಪಾಪ, ಅಷ್ಟು ಚಿಕ್ಕವಳು ಅವರಿಗೆ ಓದು ಕಲಿಸಿದ್ಲು."

"ಕಲಿಸಿದ್ದು ನಾನಮ್ಮಾ!"

ಹಿಂದಿನ ಸಾಲಿನವರು "ಶ್" ಎಂದರು. ಅಮ್ಮ ಕತ್ತಲಲ್ಲಿ ಮಗಳ ಮುಖ ನೋಡಿ, "ಹೌದಾ? ನೀನೂ ಇದ್ದೆಯೇನೋ," ಎಂದು ಮತ್ತೆ ಪರದೆಯತ್ತ ತಿರುಗಿದಳು. ಉರಿಯುವ ಬೆಂಕಿಗೆ ಎಣ್ಣೆ ಸುರಿದಂತಾಯಿತು.

ಚಿತ್ರ ಮುಗಿದ ಮೇಲೆ ತಂಗಿ ವೇದಿಕೆ ಹತ್ತಿದಳು. ಕನ್ನಡಕದ ಒಬ್ಬರು ಎದ್ದು, "ಇದು ನಿಮ್ಮ ಸ್ವಂತ ಅನುಭವಾನಾ?" ಎಂದು ಕೇಳಿದರು. ತಂಗಿ ಮೈಕನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿ, "ಹೌದು," ಎಂದಳು. ಮೂರನೇ ಸಾಲಿನ ಕಡೆ ಮಾತ್ರ ನೋಡಲಿಲ್ಲ.

ಹೊರಗೆ ತಂಗಿಯ ಸುತ್ತ ಜನ ಮುತ್ತಿದರು. ಅಕ್ಕ ಅಮ್ಮನನ್ನು ಬೆಂಚಿನ ಮೇಲೆ ಕೂರಿಸಿ ಕಂಬಕ್ಕೊರಗಿ ಕಾದಳು. ಕೊನೆಗೆ ತಂಗಿಯೇ ಹತ್ತಿರ ಬಂದಳು.

"ಬೈದುಬಿಡು."

"ಬೈಯೋಕೆ ನಾನ್ಯಾರು? ನಿನ್ನ ಸಿನಿಮಾದಲ್ಲಿ ನಾನು ಹುಟ್ಟೇ ಇಲ್ವಲ್ಲ."

"ಅಕ್ಕಾ..."

"ನಿನಗೆ ಎಲ್ಲಾ ಇತ್ತಲ್ಲೇ. ಊರು ಸುತ್ತಿದೆ, ಹೆಸರು ಬಂತು, ಅಮ್ಮ ಬಾಯಿ ತೆಗೆದ್ರೆ ನಿಂದೇ ಮಾತು. ನಂಗಿದ್ದದ್ದು ಅದೊಂದು. ಅದನ್ನೂ ಎತ್ಕೊಂಡ್ಯಲ್ಲ!"

ತಂಗಿಯ ಮುಖ ಕೆಂಪೇರಿತು. "ನೀನು ಚಿಲಕ ಹಾಕ್ಕೋತಿದ್ದೆ," ಎಂದಳು. "ಪ್ರತಿ ವಾರ. ನಾನು ಹೊರಗೆ ಬಾಗಿಲಿಗೆ ಕಿವಿ ಇಟ್ಕೊಂಡು ಕೂತಿರ್ತಿದ್ದೆ. ನೀವಿಬ್ಬರೂ ನಗೋದು ಕೇಳಿಸ್ತಿತ್ತು. ಬಡಿದ್ರೆ 'ಹೋಗು, ಆಡ್ಕೋ' ಅಂತಿದ್ದೆ. ಅಪ್ಪ ನನ್ನ ಹತ್ರ ಒಂದು ದಿನಾನೂ ಹಾಗೆ ನಗಲಿಲ್ಲ ಕಣೇ. ಸಿನಿಮಾದಲ್ಲಾದ್ರೂ ಒಳಗೆ ಕೂತ್ಕೋಬೇಕು ಅನ್ನಿಸ್ತು."

ತನ್ನನ್ನು ಕಂಡು ಒಬ್ಬರು ಹೊಟ್ಟೆ ಉರಿಸಿಕೊಂಡಿರಬಹುದೆಂದು ಅಕ್ಕ ಕನಸಿನಲ್ಲೂ ನೆನೆಸಿರಲಿಲ್ಲ. ನಾಚಿಕೆಯಾಗಬೇಕಿತ್ತು, ನಿಜ ಹೇಳಬೇಕೆಂದರೆ ಹಿತವೇ ಆಯಿತು.

"ಕೇಳಬಹುದಿತ್ತಲ್ಲ," ಎಂದಳು, ದನಿ ತಗ್ಗಿಸಿ.

"ಕೇಳಿದ್ರೆ ಬೇಡ ಅಂತಿದ್ದೆ."

"ಹೌದು, ಅಂತಿದ್ದೆ. ನಾಳೆ ಇನ್ನೊಂದು ಪ್ರದರ್ಶನ ಇದೆ ಅಲ್ವಾ? ಅಲ್ಲಿ ಯಾರಾದ್ರೂ ಕೇಳಿದ್ರೆ, ಕಲಿಸಿದ್ದು ಅಕ್ಕ ಅನ್ನು. ಅಮ್ಮನಿಗೆ ಈಗಲೇ ಹೇಳು."

ತಂಗಿ ತಲೆಯಾಡಿಸಿದಳು. ಬೆಂಚಿನ ಬಳಿ ಹೋಗಿ ಮಂಡಿಯೂರಿ, ಅಮ್ಮನ ಕೈ ಹಿಡಿದು ಎಲ್ಲ ಹೇಳಿದಳು. ಅಮ್ಮ ಇಬ್ಬರು ಹೆಣ್ಣುಮಕ್ಕಳನ್ನೂ ಸರದಿಯಂತೆ ನೋಡಿ, "ಅಯ್ಯೋ, ಹಂಗಾದ್ರೆ ಆ ಕೋಣೆ ನೆಲದ ಸೀಮೆಸುಣ್ಣ ಒರೆಸಿ ಒರೆಸಿ ಸೊಂಟ ಬಿದ್ದಿದ್ದು ನಂಗೆ. ನನ್ನನ್ನೂ ಹಾಕ್ಬೇಕಿತ್ತು," ಎಂದಳು.

ಮೂವರೂ ಬಸ್ಸು ಹಿಡಿದರು. ದಾರಿಯಲ್ಲಿ ತಂಗಿ ಮೆಲ್ಲಗೆ ಕೇಳಿದಳು, "ಇನ್ನೇನೇನು ಬರೀತಿದ್ದ ಅಪ್ಪ, ಒಳಗೆ?"

ಅಕ್ಕನಿಗೆ ಚೆನ್ನಾಗಿ ನೆನಪಿತ್ತು. ಅಕ್ಷರ ಕೂಡಿಸಲು ಬಂದ ದಿನ ಅಪ್ಪ ಮೊದಲು ಬರೆದದ್ದು ತನ್ನ ಹೆಸರನ್ನಲ್ಲ, ದೊಡ್ಡ ಮಗಳ ಹೆಸರನ್ನು. ಅಂಕುಡೊಂಕಾಗಿ, ನೆಲದ ಈ ಗೋಡೆಯಿಂದ ಆ ಗೋಡೆಯವರೆಗೆ.

"ಏನೋ, ಅ ಆ ಇ ಈ," ಎಂದಳು ಅವಳು, ಕಿಟಕಿಯ ಕಡೆ ಮುಖ ತಿರುಗಿಸಿ.